ಉದ್ಘಾಟನೆಗೆ ಹೋದ ಮಂಚ ಮನೆಗೆ ಬರಲಿಲ್ಲ

ಮಾನ್ಯ ಜಿಲ್ಲಾ ಗವರ್ನರರೇ,

ತಾವು ಕಳೆದ ತಿಂಗಳು ತೆಕ್ಕಟ್ಟೆಯಲ್ಲಿ ಕೂತು ನಗುತ್ತಾ ಫೋಟೋ ತೆಗೆಸಿಕೊಂಡ ಮಂಚ ನನ್ನ ಅಕ್ಕನದು. ಅದನ್ನು ವಾಪಸು ಕೊಡಿ.

ಗವರ್ನರ್ ಎಂದ ಕೂಡಲೇ ಓದುಗರು ರಾಜಭವನದ ಕಡೆ ನೋಡುವುದು ಬೇಡ. ಇವರು ನಮ್ಮ ಊರುಗಳ ಸೇವಾ ಕ್ಲಬ್ಬುಗಳಿಗೆ ಮೇಲಿನವರು. ವರ್ಷಕ್ಕೊಬ್ಬರು ಬದಲಾಗುತ್ತಾರೆ, ವರ್ಷಕ್ಕೊಮ್ಮೆ ಪ್ರತಿ ಕ್ಲಬ್ಬಿಗೂ ಅಧಿಕೃತ ಭೇಟಿ ಕೊಡುತ್ತಾರೆ. ಆ ಒಂದು ದಿನಕ್ಕಾಗಿ ಕ್ಲಬ್ಬಿನವರು ಬಸ್ ತಂಗುದಾಣಕ್ಕೆ ಮತ್ತೆ ಬಣ್ಣ ಹೊಡೆಯುತ್ತಾರೆ, ಹೋದ ವರ್ಷ ನೆಟ್ಟು ಸತ್ತ ಗಿಡದ ಗುಂಡಿಯಲ್ಲೇ ಹೊಸ ಗಿಡ ನೆಡಿಸುತ್ತಾರೆ, ಶಾಲೆಯ ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸುತ್ತಾರೆ. ಇದೆಲ್ಲ ನಮಗೆ ರೂಢಿಯಾಗಿದೆ. ಪತ್ರಿಕೆಯ ಸ್ಥಳೀಯ ಪುಟದಲ್ಲಿ ಈ ಫೋಟೋಗಳನ್ನು ನೋಡುತ್ತಲೇ ನಾನು ಮುದುಕನಾಗಿದ್ದೇನೆ. ಯಾರಿಗೂ ನಷ್ಟವಿಲ್ಲದ ವೇಷ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ. ಈ ಸಲ ತಿರುಗಿಸಲಾಗಲಿಲ್ಲ. ಏಕೆಂದರೆ ಈ ಸಲದ ವೇಷಕ್ಕೆ ಬೇಕಾದ ಸಾಮಾನನ್ನು ತಮ್ಮವರು ನನ್ನ ಅಕ್ಕನ ಬೆನ್ನಿನಡಿಯಿಂದ ಎಳೆದುಕೊಂಡರು.

ಅಕ್ಕನ ಹೆಸರು ಗುಲಾಬಿ. ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದವಳು. ಎರಡು ವರ್ಷದ ಹಿಂದೆ ಅಲ್ಲೇ, ಗಿರಾಕಿಯ ಜೊತೆ ಅಂಜಲ್ ಮೀನಿನ ದರಕ್ಕೆ ಜಗಳ ಮಾಡುತ್ತಿದ್ದಾಗ, ಪಾರ್ಶ್ವವಾಯು ಬಡಿದು ಕುಸಿದಳು. ಬಲಗೈ, ಬಲಗಾಲು ಹೋಯಿತು. ಮಾತು ನಿಧಾನವಾಯಿತು, ಮೊನಚು ಕಡಿಮೆಯಾಗಲಿಲ್ಲ. ನುಂಗುವುದು ಮಾತ್ರ ಕಷ್ಟವಾಯಿತು. ವೈದ್ಯರು ಹೇಳಿದ್ದು ಇಷ್ಟೇ: ಊಟ ಕೊಡುವಾಗ ಸೊಂಟದಿಂದ ಮೇಲಿನ ಭಾಗ ಎತ್ತರದಲ್ಲಿರಬೇಕು, ಊಟವಾದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರಬೇಕು. ಮಲಗಿಸಿ ಕೊಟ್ಟರೆ ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ.

ಆಗ ನಮಗೆ ಒದಗಿದ್ದು ತಮ್ಮ ಕ್ಲಬ್ಬೇ. ಇದನ್ನು ನಾನು ಮುಚ್ಚಿಡುವುದಿಲ್ಲ. ಅಂದಿನ ಅಧ್ಯಕ್ಷ ಲೀಲಾಧರ ಅವರು ಕ್ಲಬ್ಬಿನ ಖರ್ಚಿನಲ್ಲಿ ಆಸ್ಪತ್ರೆಯ ಮಾದರಿಯ ಮಂಚವೊಂದನ್ನು ತರಿಸಿದರು. ಕಾಲಬುಡದ ಹ್ಯಾಂಡಲ್ ತಿರುಗಿಸಿದರೆ ತಲೆಭಾಗ ಏಳುವಂಥದ್ದು. ಸದಸ್ಯರೇ ಹೊತ್ತು ತಂದರು. ನಮ್ಮ ಬಾಗಿಲು ಕಿರಿದು, ಮಂಚ ಒಳಗೆ ಹೋಗಲಿಲ್ಲ. ಲೀಲಾಧರರು ಪ್ಯಾಂಟು ಮಡಚಿಕೊಂಡು ಬಾಗಿಲ ಚೌಕಟ್ಟನ್ನೇ ಬಿಚ್ಚಿಸಿದರು. ಮಂಚ ಒಳಗಿಟ್ಟ ಮೇಲೆ ಎಲ್ಲರೂ ಅಂಗಳದಲ್ಲಿ ಕೂತು ಚಾ ಕುಡಿದರು. "ಅಕ್ಕ ಎದ್ದ್ ನಡೂಕ್ ಸುರು ಮಾಡ್ರ್ ಮೇಲೆ ವಾಪಸ್ ಕೊಟ್ರೆ ಸಾಕ್, ಅಲ್ಲಿವರಿಗೆ ನಿಮ್ದೇ" ಎಂದು ಹೇಳಿ ಹೋದರು. ಫೋಟೋ ತೆಗೆದವರಿಲ್ಲ. ಫೆಲೋಶಿಪ್ ಎಂಬ ಶಬ್ದವನ್ನು ತಾವು ಭಾಷಣದಲ್ಲಿ ಬಹಳ ಸಲ ಬಳಸಿದ್ದಾಗಿ ವರದಿಯಾಗಿದೆ. ತಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಅದು ಕೊನೆಯ ಸಾಲಿನಲ್ಲಿರುತ್ತದೆ. ಕೋರಿರೊಟ್ಟಿ, ಐಸ್‌ಕ್ರೀಮ್ ಎಂದು ಅದರ ಅರ್ಥ. ಹಿಂದೊಮ್ಮೆ ಅದಕ್ಕೆ ಬೇರೆ ಅರ್ಥವೂ ಇತ್ತು ಎಂಬುದಕ್ಕೆ ನಮ್ಮ ಮನೆಯ ಬಾಗಿಲು ಸಾಕ್ಷಿ. ಬಿಚ್ಚಿ ಕೂಡಿಸಿದ ಮೇಲೆ ಅದು ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ. ಅದಕ್ಕೆ ನಾವು ಯಾರನ್ನೂ ದೂರಿಲ್ಲ.

ಆ ಮಂಚದ ಮೇಲೆ ಅಕ್ಕ ಎರಡು ವರ್ಷ ಬದುಕಿದಳು. ಎದ್ದು ಕೂತಂತೆ ಕೂತು ಗಂಜಿ ಉಂಡಳು, ಕಿಟಕಿಯಿಂದ ರಸ್ತೆ ನೋಡಿದಳು, ಹೋಗುವ ಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದಳು. ಹ್ಯಾಂಡಲ್ ಜಾರುತ್ತಿತ್ತು. ಅವಳ ಮಗ ಕೌಶಲ್ ಮೀನುಗಾರಿಕೆ ಬೋಟಿನಲ್ಲಿ ಕೆಲಸಕ್ಕೆ ಹೋಗುವವನು. ಬಲೆ ಹೆಣೆಯುವ ಹಸಿರು ಹುರಿಯನ್ನು ಅದಕ್ಕೆ ಬಿಗಿಯಾಗಿ ಸುತ್ತಿಕೊಟ್ಟ. ಆಮೇಲೆ ಜಾರಲಿಲ್ಲ.

ಈಗ ತಮ್ಮ ಭೇಟಿಗೆ ಬರೋಣ. ಈ ವರ್ಷದ ಅಧ್ಯಕ್ಷರಿಗೆ ಒಂದು ಶಾಶ್ವತ ಯೋಜನೆ ಬೇಕಿತ್ತು. ಕ್ಲಬ್ಬಿನ ಕಟ್ಟಡದ ಮುಂಭಾಗದ ಕೋಣೆಗೆ ಟೈಲ್ಸ್ ಹಾಕಿಸಿ, ಗಾಜಿನ ಬಾಗಿಲು ಇಡಿಸಿ, "ವೈದ್ಯಕೀಯ ಸಲಕರಣೆ ಬ್ಯಾಂಕ್" ಎಂದು ಬೋರ್ಡು ಬರೆಸಿದರು. ಬೋರ್ಡಿನ ಮೇಲೆ ಅವರ ಹೆಸರು, ತಮ್ಮ ಹೆಸರು. ಕೋಣೆ ತಯಾರಾಯಿತು, ಬೋರ್ಡು ತಯಾರಾಯಿತು. ಒಳಗಿಡಲು ಸಲಕರಣೆ ಇರಲಿಲ್ಲ. ಇದ್ದ ಸಲಕರಣೆಗಳೆಲ್ಲ ಎಲ್ಲಿರಬೇಕೋ ಅಲ್ಲಿದ್ದವು: ರೋಗಿಗಳ ಮನೆಯಲ್ಲಿ. ಸೇವಾ ಸಂಸ್ಥೆಯೊಂದಕ್ಕೆ ಇದಕ್ಕಿಂತ ದೊಡ್ಡ ಮುಜುಗರ ಇನ್ನೇನಿದೆ? ಹಾಗಾಗಿ ತಾವು ಬರುವ ಹಿಂದಿನ ದಿನ ಗೂಡ್ಸ್ ರಿಕ್ಷಾ ಹೊರಟಿತು.

ಅಕ್ಕನ ಮನೆಗೆ ಬಂದಾಗ ಅಲ್ಲಿದ್ದದ್ದು ಕೌಶಲನ ಹೆಂಡತಿ ಅಕ್ಷಿತಾ ಮತ್ತು ಅಕ್ಕ, ಇಬ್ಬರೇ. ನನ್ನದು ಪಕ್ಕದ ಮನೆ, ಎರಡೂ ಮನೆ ಒಂದೇ ಎಂಬಂತೆ ಇದ್ದೇವೆ; ಆ ಹೊತ್ತಿಗೆ ನಾನು ಪೇಟೆಗೆ ಹೋಗಿದ್ದೆ. ಸಂಜೆ ಬಂದು ಕೇಳಿದಾಗ ಅಕ್ಷಿತಾ ಹೇಳಿದಳು:

"ಇಬ್ರ್ ಬಂದಿದ್ರ್ ಮಾವ, ಕ್ಲಬ್ಬಿನ್ ಶರ್ಟ್ ಹಾಯ್ಕಂಡ್. 'ಸರ್ವಿಸ್ ಮಾಡ್ಸಿ, ಬಣ್ಣ ಹೊಡ್ಸಿ, ನಾಳೆ ಬೈಸರಿಗೆ ತಂದ್ ಕೊಡ್ತೊ' ಅಂದ್ರ್. ಅತ್ತೆನ್ ಎಲ್ಲಿ ಮಲ್ಗ್ಸುದ್ ಅಂತ ಕೇಂಡೆ. 'ಒಂದ್ ದಿನ ಅಲ್ದಾ ಅಕ್ಕ, ಚಾಪಿ ಹಾಕಿ' ಅಂದ್ರ್. ಅವ್ರೇ ಹಿಡ್ಕಂಡ್ ನೆಲಕ್ಕ್ ಇಳ್ಸ್ರ್, ಬಾಗ್ಲಿನ್ ಚೌಕಟ್ಟ್ ಬಿಚ್ಚಿ ಮಂಚ ಹೊರ್ಗ್ ಹಾಕಿ ತಿರ್ಗಿ ಕೂಡ್ಸ್ರ್. ಅತ್ತೆನ್ ಒಳ್ಳೆ ಮರ್ಯಾದಿಯಲ್ಲೇ ಇಳ್ಸ್ರ್."

ಮರ್ಯಾದೆಯ ಬಗ್ಗೆ ನನ್ನ ತಕರಾರಿಲ್ಲ. ತಮ್ಮ ಸದಸ್ಯರು ವಿನಯದಲ್ಲಿ ಯಾರಿಗೂ ಕಡಿಮೆಯಲ್ಲ. ರೋಗಿಯನ್ನು ನೆಲಕ್ಕಿಳಿಸುವಾಗಲೂ "ಜಾಗ್ರತೆ, ಜಾಗ್ರತೆ" ಅಂದರಂತೆ.

ಮರುದಿನ ತಾವು ಬಂದಿರಿ. ಬೆಳಿಗ್ಗೆ ಬ್ರಹ್ಮಾವರದಲ್ಲಿ ಗಿಡ, ಮಧ್ಯಾಹ್ನ ತೆಕ್ಕಟ್ಟೆಯಲ್ಲಿ ರಿಬ್ಬನ್, ಸಂಜೆ ಬೈಂದೂರಿನಲ್ಲಿ ಸನ್ಮಾನ, ಕೊನೆಗೆ ಕೊಲ್ಲೂರಿನಲ್ಲಿ ದೇವಿಯ ದರ್ಶನ. ಅದರ ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಅಕ್ಕನ ಬಳಿ ಕೂತು ಪತ್ರಿಕೆ ಓದುತ್ತಿದ್ದೆ. ಅವಳಿಗೆ ಶಾಲೆಯ ಓದಿಲ್ಲ. ಫೋಟೋಗಳನ್ನು ಮಾತ್ರ ತಾನೇ ನೋಡಬೇಕು. ಸ್ಥಳೀಯ ಪುಟವನ್ನು ಅವಳ ಮುಖದೆದುರು ಹಿಡಿದೆ.

"ಹ್ವಾಯ್ ತಮ್ಮ, ಇದ್ ನನ್ ಮಂಚ ಅಲ್ದಾ?"

ನೋಡಿದೆ. ಕೊರಳಿಗೆ ಪದಕದ ಪಟ್ಟಿ ಹಾಕಿಕೊಂಡು ತಾವು ಮಂಚದ ಮೇಲೆ ಒರಗಿದ್ದೀರಿ. ಅಧ್ಯಕ್ಷರು ಬಗ್ಗಿ ಹ್ಯಾಂಡಲ್ ತಿರುಗಿಸುತ್ತಿದ್ದಾರೆ. ಸುತ್ತ ನಿಂತವರೆಲ್ಲ ನಗುತ್ತಿದ್ದಾರೆ. ಅಧ್ಯಕ್ಷರ ಬೆರಳುಗಳ ನಡುವೆ ಹಸಿರು ಹುರಿ ಸ್ಪಷ್ಟವಾಗಿ ಕಾಣುತ್ತಿದೆ. "ಹೊಸದಾಗಿ ಕೊಡಮಾಡಿದ ಮಂಚದ ಕಾರ್ಯವೈಖರಿಯನ್ನು ಗವರ್ನರ್ ಪರಿಶೀಲಿಸಿದರು" ಎಂದು ಕೆಳಗೆ ಅಚ್ಚಾಗಿದೆ.

"ಅದ್ರ್ ಮೇಲ್ ಕೂಕಂಡ್ ನೆಗಾಡುದ್ ಯಾರ್?"

"ಗವರ್ನರ್ ಅಂಬ್ರ್. ಉದ್ಘಾಟನೆಗ್ ಬಂದದ್."

"ಅವ್ರಿಗೂ ನನ್ ಹಾಂಗೆ ಒಂದ್ ಬದಿ ಹೋಯ್ತಾ?"

"ಇಲ್ಲೆ."

"ಮತ್ತೆ ಅಲ್ಲಿ ಎಂತಕ್ಕ್ ಮಲ್ಕಂಡದ್?"

ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮ ಬಳಿ ಉತ್ತರ ಇದ್ದರೆ ದಯವಿಟ್ಟು ಪತ್ರಿಕೆಗೇ ಬರೆಯಿರಿ, ಓದಿ ಹೇಳುತ್ತೇನೆ.

ತರುತ್ತೇವೆ ಎಂದಿದ್ದ ಬೈಸರಿಗೆ, ಅಂದರೆ ಉದ್ಘಾಟನೆಯ ಸಂಜೆಗೆ, ಮಂಚ ಬಂದಿರಲಿಲ್ಲ. ಮರುದಿನವೂ ಬರಲಿಲ್ಲ. ಅಕ್ಷಿತಾ ದಿಂಬುಗಳನ್ನು ಒಂದರ ಮೇಲೊಂದಿಟ್ಟು ಒರಗಿಸಿ ಊಟ ಕೊಡುತ್ತಿದ್ದಳು. ದಿಂಬು ಜಾರುತ್ತಿತ್ತು. ಒಂದು ಮಧ್ಯಾಹ್ನ ಬಾಯಲ್ಲಿ ಗಂಜಿ ಇದ್ದಾಗಲೇ ಅಕ್ಕ ಪಕ್ಕಕ್ಕೆ ಹೊರಳಿದಳು. ಕೆಮ್ಮಿದಳು, ಮುಖ ನೀಲಿಯಾಯಿತು. ಆ ಹೊತ್ತಿಗೆ ಹೇಗೋ ಸುಧಾರಿಸಿಕೊಂಡಳು. ಎರಡು ದಿನದಲ್ಲಿ ಜ್ವರ ಬಂತು, ಉಸಿರು ಗೊರಗೊರ ಎಂದಿತು. ಮಣಿಪಾಲಕ್ಕೆ ಕೊಂಡುಹೋದೆವು. ವೈದ್ಯರು ಎಕ್ಸ್‌ರೇ ನೋಡಿ ಮೊದಲು ಕೇಳಿದ್ದು, "ಮಲಗಿಸಿ ಊಟ ಕೊಟ್ರಾ?" ಎಂದು. ಅಕ್ಷಿತಾ ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತಳು. ಅಳಬೇಕಾದವರು ಆ ಹೊತ್ತಿಗೆ ಬೇರೆ ಯಾವುದೋ ಊರಿನಲ್ಲಿ ದೀಪ ಬೆಳಗುತ್ತಿದ್ದರು.

ಅಕ್ಕ ಬದುಕಿ ಮನೆಗೆ ಬಂದಳು. ಹಾಗಾಗಿ ಈ ಪತ್ರದ ಭಾಷೆ ಇಷ್ಟರಲ್ಲಿದೆ.

ಈಗ ನಮ್ಮ ಮನೆಯಲ್ಲಿ ಊಟ ನಡೆಯುವ ಕ್ರಮ ಹೀಗೆ. ಅಕ್ಷಿತಾ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಅಕ್ಕನನ್ನು ಎತ್ತಿ ಅವಳ ಎದೆಗೆ ಒರಗಿಸುತ್ತೇವೆ. ಎರಡೂ ಕೈಗಳಿಂದ ಅವಳು ಅತ್ತೆಯನ್ನು ತಬ್ಬಿ ಹಿಡಿಯುತ್ತಾಳೆ. ನಾನು ಎದುರು ಕೂತು ಚಮಚದಲ್ಲಿ ಕೊಡುತ್ತೇನೆ. ಒಂದೊಂದು ಗುಟುಕು ಇಳಿಯುವುದನ್ನೂ ಕಾಯಬೇಕು. ಊಟ ಮುಗಿದ ಮೇಲೂ ಅಕ್ಷಿತಾ ಹಾಗೆಯೇ ಕೂತಿರಬೇಕು. ಮೂರು ಹೊತ್ತೂ ಇದೇ. ತಮ್ಮ ಗಾಜಿನ ಕೋಣೆಯಲ್ಲಿ ಕಬ್ಬಿಣದ ಮಂಚ ಮಾಡದೆ ಬಿಟ್ಟ ಕೆಲಸವನ್ನು ಇಲ್ಲಿ ಒಬ್ಬ ಹೆಂಗಸಿನ ಬೆನ್ನುಮೂಳೆ ಮಾಡುತ್ತಿದೆ. ಇದನ್ನು ಬಂದು ಪರಿಶೀಲಿಸಿದ ಗವರ್ನರ್ ಇನ್ನೂ ಯಾರೂ ಇಲ್ಲ.

ನಾನು ಕೇಳದೇ ಬಿಟ್ಟಿಲ್ಲ. ಹೆದ್ದಾರಿ ಬದಿಯ ಟೈಲ್ಸ್ ಅಂಗಡಿಗೆ ಹೋಗಿ, ಅದರ ಮಾಲಿಕರೂ ಆದ ಅಧ್ಯಕ್ಷರನ್ನು ಕಂಡೆ. ಐಸ್ ಪ್ಲಾಂಟಿನಲ್ಲಿ ರೈಟರ್ ಆಗಿ ಲೆಕ್ಕ ಬರೆದು ನಿವೃತ್ತನಾದವನು ನಾನು, ಊರಿನವರು ಈಗಲೂ ಹಾಗೆಯೇ ಕರೆಯುತ್ತಾರೆ. ಅಧ್ಯಕ್ಷರು ಕುರ್ಚಿ ಕೊಟ್ಟರು, ಎಳನೀರು ತರಿಸಿದರು.

"ರೈಟ್ರೆ, ನಿಮ್ಗೆ ಕ್ಲಬ್ಬಿನ್ ಸಿಸ್ಟಮ್ ಗೊತ್ತಿಲ್ಲೆ. ಗವರ್ನರ್ ಬಪ್ಪತಿಗೆ ಕೋಣಿ ಖಾಲಿ ಇದ್ರೆ ಹ್ಯಾಂಗಾತ್ತ್ ಹೇಳಿ? ಬ್ಯಾಂಕ್ ಅಂದ್ಮೇಲೆ ಒಳ್ಗೆ ಎಂತಾರೂ ಇರ್ಕಲೆ."

"ಉದ್ಘಾಟನೆ ಆಯ್ತಲೆ. ಈಗ ಕೊಡಿ."

"ಈಗ ಆತಿಲ್ಲೆ ಮಾರ್ರೆ. ಅವಾರ್ಡ್ ಕಮಿಟಿ ಬಪ್ಪುಕಿತ್ತ್. ಅವ್ರ್ ಬಂದ್ ಕಂಡ್ಕಂಡ್ ಹೋಪಲ್ಲಿವರಿಗೆ ಒಂದ್ ಸಾಮಾನೂ ಅಲ್ಲಾಡ್ಸುಕಾಗ ಅಂತ ಮೇಲ್ನಿಂದ ಆರ್ಡರ್."

"ಮೇಲ್ನಿಂದ ಅಂದ್ರೆ ಯಾರ್?"

"ಗವರ್ನರೇ. ಕಾಣಿ." ಮೊಬೈಲ್ ತೆಗೆದು ತಮ್ಮ ಸುತ್ತೋಲೆಯನ್ನು ಓದಿ ಹೇಳಿದರು: ಪ್ರಶಸ್ತಿಗೆ ಪರಿಗಣಿಸುವ ಯೋಜನೆಗಳು ಉದ್ಘಾಟನೆಯಾದ ದಿನದ ಸ್ಥಿತಿಯಲ್ಲೇ ಸ್ಥಳದಲ್ಲಿರತಕ್ಕದ್ದು.

"ಅಲ್ಲಿವರಿಗೆ ಅಕ್ಕ ಎಂತ ಮಾಡುದ್?"

"ಒಂದ್ ಅರ್ಜಿ ಕೊಡಿ. ಡಾಕ್ಟ್ರ್ ಚೀಟಿ, ಇಬ್ರ್ ಮೆಂಬರ್ ಶಿಫಾರಸು. ನಿಮ್ದನ್ನ ಫಸ್ಟಿಗೆ ತಕಂತೆ. ಮತ್ತೆ ಇನ್ನೊಂದ್ ಹೇಳ್ತೆ, ಅಕ್ಕ ಇಷ್ಟ್ ವರ್ಷ ಮೀನ್ ಮಾರಿ ಬದ್ಕಿದವ್ರಲೆ? ಸಾಧಕಿ ಅಂದ್ಕಂಡ್ ನಿಮ್ಮ್ ಮನಿಗೇ ಬಂದ್ ಒಂದ್ ಸನ್ಮಾನ ಮಾಡ್ವ. ಶಾಲ್, ಹಣ್ಣಿನ್ ಬುಟ್ಟಿ, ಎಲ್ಲ ನಮ್ದೇ."

ಎಳನೀರು ಅಲ್ಲೇ ಇಟ್ಟು ಬಂದೆ. ಅಕ್ಕನಿಗೆ ಹೇಳಿದೆ.

"ಶಾಲ್ ತಕಣಿ. ದಪ್ಪದ್ದಾರೆ ಮಡ್ಚಿ ತಲಿ ಅಡಿಗ್ ಇಡ್ಲಕ್ಕ್. ಸ್ವಲ್ಪ ಎತ್ರ ಆತ್ತ್."

ಹಿಂದಿನ ಅಧ್ಯಕ್ಷ ಲೀಲಾಧರರು ವಿಷಯ ತಿಳಿದು ತಾವಾಗಿಯೇ ಕ್ಲಬ್ಬಿನ ವಾರದ ಸಭೆಯಲ್ಲಿ ಎದ್ದು ನಿಂತರು. ಮಾತು ಅರ್ಧವಾಗುವಷ್ಟರಲ್ಲಿ ಅಧ್ಯಕ್ಷರು ಮೇಜಿನ ಮೇಲಿನ ಗಂಟೆ ಬಾರಿಸಿದರಂತೆ. ವಿಷಯ ಅಜೆಂಡಾದಲ್ಲಿಲ್ಲ, ಸದಸ್ಯರು ಕೂತುಕೊಳ್ಳಬೇಕು. ಲೀಲಾಧರರು ನಮ್ಮ ಅಂಗಳಕ್ಕೆ ಬಂದು, ಒಳಗೆ ಬರಲು ಒಪ್ಪದೆ, ಹೇಳಿದರು: "ಗಂಟಿ ಬಾರ್ಸಿ ಕೂರ್ಸ್ರ್ ರೈಟ್ರೆ. ಆ ಗಂಟಿ ತಂದ್ ಕೊಟ್ಟದ್ ನಾನೇ."

ಹೊಸ ಮಂಚ ಕೊಳ್ಳಬಹುದಲ್ಲ ಎಂದು ಹೇಳುವವರಿದ್ದಾರೆ. ಕೌಶಲ್ ಬೋಟಿನಿಂದ ಇಳಿದವನೇ ಅದಕ್ಕೆ ಹೊರಟಿದ್ದ. ತಡೆದವಳು ಅಕ್ಕ. "ನಾವ್ ತಕಂಡ್ರೆ ಅವ್ರಿಗೆ ಸುಲಭ ಆಯ್ತ್ ಮಗಾ. ಆ ಕೋಣಿಗ್ ಬೀಗ ಹಾಕಂಡೇ ಇರ್ತ್ರ್. ನನ್ ಹಾಂಗೆ ಇನ್ನ್ ಯಾರ್‍ಯಾರ್ ನೆಲದ್ ಮೇಲ್ ಮಲ್ಕಂಡಿದ್ರೋ. ನಂಗೆ ಆ ಮಂಚವೇ ಬರ್ಕ್." ಅವಳ ಊಹೆ ಸರಿಯಿತ್ತು. ನಾನು ಹೋಗಿ ವಿಚಾರಿಸಿದೆ. ಆ ಕೋಣೆಯಲ್ಲಿರುವ ಗಾಲಿಕುರ್ಚಿ ಬೈಂದೂರಿನ ಕಾಲಿಲ್ಲದ ರಿಕ್ಷಾ ಚಾಲಕನೊಬ್ಬನದು. ನಡೆಯಲು ಹಿಡಿಯುವ ವಾಕರ್ ಬ್ರಹ್ಮಾವರದ ಅಜ್ಜಿಯೊಬ್ಬರದು. ಆಮ್ಲಜನಕದ ಯಂತ್ರವನ್ನು ಅಮಾಸೆಬೈಲಿನಿಂದ ಜೀಪಿನಲ್ಲಿ ತಂದಿದ್ದಾರೆ. ಅಲ್ಲಿಯವರು ಅಳುತ್ತಾ ಕೊಟ್ಟರಂತೆ. ರಸ್ತೆಯಲ್ಲಿ ಹೋಗುವವರು ಗಾಜಿನಿಂದ ಎಲ್ಲವನ್ನೂ ನೋಡಬಹುದು. ರಾತ್ರಿ ಲೈಟೂ ಉರಿಯುತ್ತದೆ.

ಗವರ್ನರರೇ, ಸಿಟ್ಟು ಇಳಿದ ಮೇಲೆ ಬರೆಯಿರಿ ಎಂದು ಸ್ನೇಹಿತರು ಹೇಳಿದರು. ಕಾದು ನೋಡಿದೆ, ಇಳಿಯಲಿಲ್ಲ. ದಿನಕ್ಕೆ ಮೂರು ಸಲ ಅಕ್ಷಿತಾಳ ಎದುರು ಚಮಚ ಹಿಡಿದು ಕೂರುವವನಿಗೆ ಅದು ಇಳಿಯುವ ದಾರಿ ಯಾವುದು? ನನಗೆ ಮಂಚ ಮಾತ್ರ ಬೇಕಾಗಿದ್ದ ಕಾಲ ಮುಗಿದಿದೆ. ಈಗ ತಮಗೆ ನಾಚಿಕೆಯೂ ಆಗಬೇಕು, ಅದು ನಾಲ್ಕು ಜನರ ಎದುರು ಆಗಬೇಕು. ಗೌರವವನ್ನು ಸಭೆಯಲ್ಲಿ ಪಡೆಯುವವರು ಅಗೌರವವನ್ನು ಖಾಸಗಿಯಾಗಿ ಕೇಳುವುದು ನ್ಯಾಯವಲ್ಲ.

ಅದರ ಕೆಲಸ ಶುರುವಾಗಿದೆ ಎಂದು ತಿಳಿಸಲು ಸಂತೋಷಪಡುತ್ತೇನೆ. ಅಕ್ಕನ ಜೊತೆ ಮಾರುಕಟ್ಟೆಯಲ್ಲಿ ಕೂತಿದ್ದ ಹೆಂಗಸರಲ್ಲಿ ಹಲವರು ಬುಟ್ಟಿ ಹೊತ್ತು ಮನೆಮನೆಗೆ ಮೀನು ಕೊಡುತ್ತಾರೆ. ತಮ್ಮ ಸದಸ್ಯರ ಮನೆಗಳಿಗೂ ಕೊಡುತ್ತಾರೆ. ಈಗ ಅವರು ಗೇಟಿನ ಎದುರು ನಿಂತು ಬುಟ್ಟಿ ಇಳಿಸುವುದಿಲ್ಲ. ಮೊನ್ನೆ ಅಧ್ಯಕ್ಷರ ಮನೆಯೆದುರು ನಡೆದದ್ದನ್ನು ಬುಟ್ಟಿ ಹೊತ್ತ ಸುಗುಣಳೇ ಅಕ್ಕನ ತಲೆಯ ಬಳಿ ಕೂತು ಅಭಿನಯಿಸಿ ತೋರಿಸಿದಳು.

"ಅವ್ರ್ ಹೆಂಡ್ತಿ ಬಂದ್ 'ಬಂಗ್ಡಿ ಇತ್ತಾ ಸುಗುಣ' ಅಂತ ಕೇಂಡ್ರ್. 'ಇತ್ತ್ ಅಮ್ಮ, ಕಣ್ಣ್ ಕಾಣಿ, ಈಗ್ಳೇ ಬಂದದ್. ಗುಲಾಬಿಯಕ್ಕನ್ ಮಂಚ ಕೊಟ್ರ್ಯಾ?' ಅಂದೆ. 'ಅದ್ ನಂಗೆಂತ ಗೊತ್ತ್' ಅಂದ್ರ್. 'ಹಂಗಾರೆ ಬಂಗ್ಡಿ ವಿಷ್ಯ ನಂಗೂ ಗೊತ್ತಿಲ್ಲೆ' ಅಂದ್ಕಂಡ್ ಬಂದೆ."

ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕಳು. ನಗುವಾಗಲೂ ಅಕ್ಷಿತಾ ಅವಳನ್ನು ಹಿಡಿದುಕೊಳ್ಳಬೇಕಾಯಿತು. ಅಧ್ಯಕ್ಷರ ಮನೆಯಲ್ಲಿ ಈಗ ಕೆಲವು ದಿನಗಳಿಂದ ಬರೀ ತೊಂಡೆಕಾಯಿ ಪಲ್ಯ ಎಂದು ವರ್ತಮಾನ. ಪೇಟೆಗೆ ಹೋಗಿ ತಂದುಕೊಳ್ಳಬಹುದು, ನಿಜ. ಮಾರುಕಟ್ಟೆಯಲ್ಲಿಯೂ ಅದೇ ಪ್ರಶ್ನೆ ಕೇಳುತ್ತಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರಶಸ್ತಿ ಸಮಿತಿ ಬರುವ ತಿಂಗಳ ಎರಡನೇ ಭಾನುವಾರ ತೆಕ್ಕಟ್ಟೆಗೆ ಬರುತ್ತದೆ, ತಾವೂ ಜೊತೆಗಿರುತ್ತೀರಿ ಎಂದು ಕ್ಲಬ್ಬಿನವರು ಈಗಾಗಲೇ ಫ್ಲೆಕ್ಸ್ ಹಾಕಿದ್ದಾರೆ. ಅದಕ್ಕೆ ಮುಂಚೆ ತಾವು ಸುತ್ತೋಲೆಯನ್ನು ರದ್ದು ಮಾಡಬೇಕು. ಆ ಕೋಣೆಯ ಪ್ರತಿಯೊಂದು ವಸ್ತುವೂ ಎಲ್ಲಿಂದ ಬಂತೋ ಅದೇ ಮನೆಗೆ ಹೋಗಬೇಕು. ಅರ್ಜಿ ಇಲ್ಲ, ಶಿಫಾರಸು ಇಲ್ಲ, ಶಾಲು ಇಲ್ಲ. ನಮ್ಮ ಮಂಚವನ್ನು ತಮ್ಮ ಈಗಿನ ಅಧ್ಯಕ್ಷರು ಸ್ವತಃ ಒಂದು ತುದಿ ಹಿಡಿದು ತರಬೇಕು. ಚೌಕಟ್ಟು ಬಿಚ್ಚಲು ಲೀಲಾಧರರು ಬರುತ್ತಾರೆ, ಅವರನ್ನು ಕೇಳಿದ್ದೇನೆ.

ತರದಿದ್ದರೆ ಏನು ಮಾಡುತ್ತೀರಿ ಎಂದು ತಾವು ಕೇಳಬಹುದು. ಅದನ್ನು ನಿರ್ಧರಿಸಿದವಳು ಅಕ್ಕ.

"ಆ ಕಮಿಟಿಯವ್ರ್ ಬಪ್ ದಿನ ನನ್ನ್ ಹೊತ್ಕಂಡ್ ಹೋಯ್ನಿ. ಆ ಮಂಚದ್ ಮೇಲೆ ಹಾಕ್ನಿ. ಎಲ್ಲರೆದ್ರಿಗೆ ಅಲ್ಲೇ ಗಂಜಿ ಉಂತೆ. ನನ್ನ್ ಯಾರ್ ಎಬ್ಸ್ತ್ರ್ ಕಾಂಬ."

ಹಲಗೆ ಸಿದ್ಧವಾಗಿದೆ. ಹೊರಲು ಕೌಶಲ್ ಮತ್ತು ಅವನ ಬೋಟಿನವರಿದ್ದಾರೆ, ಹಿಂದೆ ಮಾರುಕಟ್ಟೆಯ ಹೆಂಗಸರು ಬರುತ್ತಾರೆ. ಬೈಂದೂರಿನ ರಿಕ್ಷಾ ಚಾಲಕನೂ ತನ್ನ ಕುರ್ಚಿಯಲ್ಲಿ ಕೂರಲು ಬರುವುದಾಗಿ ಹೇಳಿದ್ದಾನೆ. ಉದ್ಘಾಟನೆಯ ದಿನ ಆ ಬ್ಯಾಂಕಿನಲ್ಲಿ ಎಲ್ಲವೂ ಇತ್ತು, ರೋಗಿಗಳು ಮಾತ್ರ ಇರಲಿಲ್ಲ. ಆ ಕೊರತೆಯನ್ನು ಸಮಿತಿಯ ಎದುರೇ ತುಂಬಿಸಿಕೊಡುತ್ತೇವೆ. ಆಮೇಲೆ ಅಕ್ಕನನ್ನು ಮಂಚದಿಂದ ಕೆಳಗಿಳಿಸಲು ತಮ್ಮ ಸಂಸ್ಥೆಯಿಂದ ಒಬ್ಬರನ್ನು ಈಗಲೇ ಗೊತ್ತು ಮಾಡಿಡಿ. ಅವರ ಹೆಸರು, ಹುದ್ದೆಯನ್ನು ಮುಂಚಿತವಾಗಿ ತಿಳಿಸಿದರೆ ಪತ್ರಿಕೆಯವರಿಗೆ ಫೋಟೋದ ಅಡಿಯಲ್ಲಿ ಹಾಕಲು ಅನುಕೂಲ.

ಇಂತಿ, ತಮ್ಮ ವಾರ್ಷಿಕ ವರದಿಯಲ್ಲಿ ಇನ್ನೂ "ಫಲಾನುಭವಿ" ಎಂದೇ ಎಣಿಕೆಯಾಗುತ್ತಿರುವವಳ
ತಮ್ಮ, ತೆಕ್ಕಟ್ಟೆ